ಟೊಂಕ ನೋಡಿ ಓಟ ಹೇಳುತ್ತಿದ್ದವರು

ನಾವೆಲ್ಲ ಅಂಕಲ್ ಎನ್ನುತ್ತಿದ್ದವರು ತೀರಿಕೊಂಡ ಮೇಲೆ ನಮ್ಮ ಕನ್ನಡ ಸಂಘದವರು ಯುಗಾದಿ ಸಂಚಿಕೆಗೆ ಅವರ ಬಗ್ಗೆ ಎರಡು ಪುಟ ಬರೆದುಕೊಡಿ ಎಂದು ನನ್ನನ್ನು ಕೇಳಿದರು. ಏಳು ವರ್ಷ ಪ್ರತಿ ಭಾನುವಾರ ನಮ್ಮ ಮನೆಯಲ್ಲಿ ಊಟ ಮಾಡಿದವರು, ಇವಳಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ ಎಂದುಕೊಂಡಿರಬೇಕು. ಬರೆದುಕೊಟ್ಟೆ. ಸಂಪಾದಕರು ಎರಡು ದಿನ ಬಿಟ್ಟು ಫೋನ್ ಮಾಡಿ, "ಮೇಡಂ, ಸ್ವಲ್ಪ ಖಾರ ಆಯ್ತು, ಹೋದವರ ಬಗ್ಗೆ ಅಲ್ವಾ" ಎಂದರು. ಖಾರ ತೆಗೆದರೆ ಉಳಿಯುವುದು ಏನೂ ಇಲ್ಲ ಎಂದೆ. ಅವರು ಹಾಕಲಿಲ್ಲ. ಅದನ್ನೇ ಈಗ ಇನ್ನಷ್ಟು ಉದ್ದ ಮಾಡಿ ಬರೆಯುತ್ತಿದ್ದೇನೆ.

ಶ್ರದ್ಧಾಂಜಲಿ ಸಭೆಯಲ್ಲಿ ಒಬ್ಬೊಬ್ಬರೂ ಎದ್ದು ನಿಂತು ಹೆಚ್ಚುಕಡಿಮೆ ಒಂದೇ ಮಾತು ಹೇಳಿದ್ದರು. ಅಂಕಲ್ ಯಾರ ಮನಸ್ಸನ್ನೂ ನೋಯಿಸಿದವರಲ್ಲ. ನಮ್ಮವರಲ್ಲಿ ಒಬ್ಬರಿಗೂ ಒಂದು ಕಟುವಾದ ಮಾತು ಆಡಿದವರಲ್ಲ. ನಾನು ಹಿಂದಿನ ಸಾಲಿನಲ್ಲಿ ಕೂತು ತಲೆಯಾಡಿಸಿದೆ. ಅದು ನಿಜವೇ. ನಮ್ಮವರಿಗೆ ಅವರು ಆಡಲಿಲ್ಲ. ನನ್ನ ಸಿಟ್ಟಿಗೆ ಕಾರಣವೂ ಅದೇ.

ಗದಗಿನ ಕಡೆಯವರು. ಸ್ಟ್ಯಾಟಿಸ್ಟಿಕ್ಸ್ ಓದಲು ಬಹಳ ಹಿಂದೆ ಅಮೆರಿಕಕ್ಕೆ ಬಂದು, ಓದು ಮುಗಿಸಿ, ನಮ್ಮೂರ ಹತ್ತಿರದ ರಿಸರ್ಚ್ ಟ್ರಯಾಂಗಲ್ ಪಾರ್ಕಿನ ಔಷಧಿ ಕಂಪನಿಯೊಂದರಲ್ಲಿ ನಿವೃತ್ತಿಯಾಗುವವರೆಗೆ ದುಡಿದವರು. ಅದು ಹೊಟ್ಟೆಪಾಡು. ಅವರ ಜೀವ ಇದ್ದದ್ದು ಬೇರೆ ಕಡೆ. ವಿದ್ಯಾರ್ಥಿಯಾಗಿದ್ದಾಗ ಯೂನಿವರ್ಸಿಟಿಯ ಫುಟ್‌ಬಾಲ್ ತಂಡಕ್ಕೆ ಅಂಕಿ ಅಂಶ ಬರೆದುಕೊಳ್ಳಲು ಯಾರೋ ಬೇಕಿತ್ತಂತೆ. ಆಟದ ಗಂಧಗಾಳಿ ಇಲ್ಲದ ಇವರನ್ನು ಹಿಡಿದು ಮೈದಾನದ ಅಂಚಿನಲ್ಲಿ ಕೂರಿಸಿದರಂತೆ. ಅಲ್ಲಿಂದ ಅವರು ಮತ್ತೆ ಏಳಲೇ ಇಲ್ಲ.

ಅಮೆರಿಕದ ಫುಟ್‌ಬಾಲ್ ಗೊತ್ತಿಲ್ಲದವರಿಗೆ ಇಷ್ಟು ಹೇಳಿದರೆ ಸಾಕು. ಅದರಲ್ಲಿ ರನ್ನಿಂಗ್ ಬ್ಯಾಕ್ ಎಂಬ ಒಬ್ಬ ಇರುತ್ತಾನೆ. ಚೆಂಡನ್ನು ಎದೆಗೆ ಅವುಚಿಕೊಂಡು, ತನ್ನನ್ನು ಕೆಡವಲು ಬರುವ ಹನ್ನೊಂದು ಜನರ ನಡುವೆ ದಾರಿ ಹುಡುಕಿಕೊಂಡು ಓಡುವುದು ಅವನ ಕೆಲಸ. ಇಲ್ಲಿನ ಹೈಸ್ಕೂಲುಗಳಲ್ಲಿ ಹಾಗೆ ಓಡುವ ಹುಡುಗರು ಸಾವಿರಾರು ಜನ. ಕಾಲೇಜು ತಂಡಗಳಿಗೆ ಬೇಕಾಗುವುದು ಕೆಲವರು ಮಾತ್ರ. ತಂಡಕ್ಕೆ ಆಯ್ಕೆಯಾದರೆ ಓದಿನ ಫೀಸಿಗೂ ದಾರಿಯಾಗುತ್ತದೆ. ಯಾರು ಆ ಮಟ್ಟಕ್ಕೆ ಏರುತ್ತಾರೆ, ಯಾರು ಹೈಸ್ಕೂಲಿಗೇ ಮುಗಿಯುತ್ತಾರೆ ಎಂದು ಮೊದಲೇ ನೋಡಿ ಹೇಳುವುದೇ ಇಲ್ಲಿ ಒಂದು ಕಸುಬು. ಅಂಕಲ್ ಒಂದು ಸಣ್ಣ ವೆಬ್‌ಸೈಟಿಗೆ ಆ ಕೆಲಸ ಮಾಡುತ್ತಿದ್ದರು. ಬೇರೆ ಯಾವ ಜಾಗದ ಆಟಗಾರನನ್ನೂ ಮುಟ್ಟುತ್ತಿರಲಿಲ್ಲ, ರನ್ನಿಂಗ್ ಬ್ಯಾಕ್ ಮಾತ್ರ. ಒಬ್ಬ ಹುಡುಗನಿಗೆ ಒಂದೇ ಸಾಲಿನ ವರದಿ. ಆ ಒಂದು ಸಾಲಿಗಾಗಿ ಕಾಲೇಜು ಕೋಚ್‌ಗಳು ಅವರಿಗೆ ಫೋನ್ ಮಾಡುತ್ತಿದ್ದರು. ಅವರ ಉಚ್ಚಾರ ಅರ್ಥವಾಗದೆ ಎರಡೆರಡು ಸಲ ಕೇಳಿಸಿಕೊಂಡಾದರೂ ಮಾಡುತ್ತಿದ್ದರು.

ಅವರ ಗ್ಯಾರೇಜಿನಲ್ಲಿ ಕಾರು ನಿಲ್ಲಿಸಲು ಜಾಗ ಇರಲಿಲ್ಲ. ಅಲ್ಲೊಂದು ದೊಡ್ಡ ಟಿವಿ, ಎರಡು ಮಡಚುವ ಕುರ್ಚಿ, ಮೊನೆ ಮಾಡಿದ ಪೆನ್ಸಿಲುಗಳ ಒಂದು ಸ್ಟೀಲ್ ಲೋಟ. ಟಿವಿಯ ಕೆಳಗಿನ ಅಂಚಿಗೆ ಅವಲಕ್ಕಿ ಪ್ಯಾಕೆಟ್ಟಿನ ರಟ್ಟು ಕತ್ತರಿಸಿ ಅಂಟಿಸಿದ್ದರು. ಸ್ಕೋರ್ ಕಾಣಬಾರದು, ಹುಡುಗನ ಹೆಸರೂ ಕಾಣಬಾರದು. ಸೌಂಡ್ ಬಂದ್. ಜನ ಕೂಗಿದರೆ ಕಣ್ಣು ಮೋಸಹೋಗುತ್ತದೆ ಎನ್ನುತ್ತಿದ್ದರು. ಹುಡುಗರ ಅಪ್ಪಂದಿರು ಒಳ್ಳೊಳ್ಳೆಯ ಓಟಗಳನ್ನೆಲ್ಲ ಜೋಡಿಸಿ, ಹಿನ್ನೆಲೆಗೆ ಸಂಗೀತ ಹಾಕಿ ಕಳಿಸುವ ವಿಡಿಯೋಗಳನ್ನು ಅವರು ತೆರೆದೇ ನೋಡುತ್ತಿರಲಿಲ್ಲ.

"ಮದುವಿ ಆಲ್ಬಮ್ ನೋಡಿ ಸಂಸಾರ ಹೆಂಗೈತಿ ಅಂತ ಹೇಳಾಕ ಬರ್ತೈತೇನು ತಂಗಿ?" ಎನ್ನುತ್ತಿದ್ದರು.

ತಂಡ ಸೋತ ಪಂದ್ಯವನ್ನೇ ಕಳಿಸಿ ಎಂದು ಕೇಳುತ್ತಿದ್ದರು. ಅದರಲ್ಲೂ ಹುಡುಗನ ಕೈಯಲ್ಲಿ ಚೆಂಡು ಇಲ್ಲದ ಹೊತ್ತನ್ನೇ ಹಿಂದೆ ಮುಂದೆ ಮಾಡಿ ನೋಡುತ್ತಿದ್ದರು. ಬೇರೆಯವನಿಗೆ ದಾರಿ ಮಾಡಿಕೊಡಲು ಮೈ ಒಡ್ಡುತ್ತಾನೋ, ಇಲ್ಲ ಸುಮ್ಮನೆ ನಿಂತು ನೋಡುತ್ತಾನೋ ಎಂದು. "ಚೆಂಡ್ ಕೈಯಾಗ ಇದ್ರ ಎಲ್ಲಾರೂ ಓಡ್ತಾರ" ಎಂಬುದು ಅವರ ಮಾತು. ಎಲ್ಲಕ್ಕಿಂತ ಮುಖ್ಯ ಟೊಂಕ. ನಾವು ಮೈಸೂರಿನವರು ಸೊಂಟ ಎನ್ನುವುದಕ್ಕೆ ಅವರು ಟೊಂಕ ಎನ್ನುತ್ತಿದ್ದರು. "ಕಾಲ್ ನೋಡಬ್ಯಾಡವಾ, ಟೊಂಕ ನೋಡು. ಟೊಂಕ ತಿರುಗಂಗಿಲ್ಲ ಅಂದ್ರ ಕಾಲ್ ಏನ್ ಮಾಡ್ತಾವ?" ಪೆನ್ಸಿಲ್ ತುದಿಯಿಂದ ಟಿವಿ ಮೇಲೆ ಹುಡುಗನ ಸೊಂಟವನ್ನು ಮುಟ್ಟಿ ತೋರಿಸುತ್ತಿದ್ದರು. ಆ ಜಾಗದಲ್ಲಿ ಗಾಜಿನ ಮೇಲೆ ಪುಟ್ಟ ಪುಟ್ಟ ಗೀಟುಗಳು ಬಿದ್ದಿದ್ದವು.

ಈ ಹುಚ್ಚು ಗ್ಯಾರೇಜಿಗೆ ಮುಗಿಯುತ್ತಿರಲಿಲ್ಲ. ಒಮ್ಮೆ ದೀಪಾವಳಿ ಕಾರ್ಯಕ್ರಮದಲ್ಲಿ ಊಟದ ಸಾಲಿನ ನಡುವೆ ಒಂದು ಪುಟ್ಟ ಹುಡುಗಿ ತುಂಬಿದ ತಟ್ಟೆ ಹಿಡಿದು ಓಡಿ ಬಂದು ಯಾರಿಗೋ ಡಿಕ್ಕಿ ಹೊಡೆದಳು. ಅವಳ ಅಮ್ಮ ಗದರುತ್ತಿದ್ದರೆ ಅಂಕಲ್ ನನ್ನ ಕಡೆ ಬಾಗಿ, "ಏಟ್ ಬಿದ್ರೂ ತಾಟ್ ಬಿಡಲಿಲ್ಲ ನೋಡು" ಎಂದರು, ಕಣ್ಣರಳಿಸಿಕೊಂಡು. ನನಗೆ ಆಗ ಅವರನ್ನು ಕಂಡರೆ ಬಹಳ ಅಕ್ಕರೆ. ಇದನ್ನೂ ಬರೆಯಬೇಕಲ್ಲ, ಇಲ್ಲದಿದ್ದರೆ ನಾನೂ ಪೂರ್ತಿ ನಿಜ ಹೇಳಿದಂತಾಗುವುದಿಲ್ಲ.

ಹೆಂಡತಿ ತೀರಿಕೊಂಡ ವರ್ಷದಿಂದ ಅವರು ಭಾನುವಾರದ ಊಟಕ್ಕೆ ನಮ್ಮ ಮನೆಗೆ ಬರತೊಡಗಿದರು. ಕರೆದದ್ದು ನಾನೇ. ಒಬ್ಬರೇ ಇದ್ದಾರೆ, ಫುಟ್‌ಬಾಲ್ ಇಲ್ಲದ ದಿನ ಅನ್ನ ಸಾರು ಮಾಡಿಕೊಳ್ಳುವುದೂ ಅನುಮಾನ ಎಂದು. ನನ್ನ ಗಂಡ ಸುಧೀರನಿಗೂ ಅವರೆಂದರೆ ಇಷ್ಟ. ಮಗ ನಿಖಿಲ್ ಆಗ ಇನ್ನೂ ಆರನೇ ಕ್ಲಾಸು. ಊಟವಾದ ಮೇಲೆ ಹಿತ್ತಲಲ್ಲಿ ಅವನ ಕೈಗೆ ಚೆಂಡು ಕೊಟ್ಟು, ಬೆರಳು ಎಲ್ಲಿಡಬೇಕು, ಮೊಣಕೈ ಹೇಗೆ ಬಿಗಿಹಿಡಿಯಬೇಕು ಎಂದು ಕಲಿಸಿದವರು ಅಂಕಲ್. ಅವನಿಗೆ ಆ ಆಟ ಹತ್ತಿದ್ದು ಅವರಿಂದ. ಸುಧೀರ ಟೆನಿಸ್ ಕ್ಲಾಸಿಗೆ ಸೇರಿಸಿದ್ದ. ಎರಡು ವಾರದಲ್ಲಿ ಅದು ಬಿಟ್ಟುಹೋಯಿತು.

ಅಂಕಲ್ ಶುಕ್ರವಾರ ಮಧ್ಯಾಹ್ನ ಕಾರು ಹತ್ತಿದರೆ ಒಮ್ಮೊಮ್ಮೆ ಅಟ್ಲಾಂಟಾ ಕಡೆ, ಒಮ್ಮೊಮ್ಮೆ ಮೇರಿಲ್ಯಾಂಡಿನ ಕಡೆ. ಅಟ್ಲಾಂಟಾದಿಂದ ಬರುವಾಗ ಅಲ್ಲೇ ಹತ್ತಿರದ ನಾರ್‌ಕ್ರಾಸ್‌ನ ಅಂಗಡಿಯಿಂದ ಜೋಳದ ಹಿಟ್ಟು ತರುತ್ತಿದ್ದರು. ಹೋಗುವಾಗ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡೇ ಹೋಗುತ್ತಿದ್ದರು, ಪಾರ್ಕಿಂಗ್ ಲಾಟಿನಲ್ಲಿ ಕಾರಿನೊಳಗೇ ಕೂತು ತಿನ್ನುತ್ತಿದ್ದರು. ಏಕೆಂದರೆ ಅವರದೊಂದು ಕಟ್ಟುನಿಟ್ಟು ಇತ್ತು. ತಾವು ನೋಡಿ ಅಳೆಯಬೇಕಾದ ಹುಡುಗನ ಮನೆಯಲ್ಲಿ, ಅವನ ಕೋಚ್ ಮನೆಯಲ್ಲಿ, ಒಂದು ಲೋಟ ನೀರನ್ನೂ ಮುಟ್ಟುತ್ತಿರಲಿಲ್ಲ. ಯಾಕೆ ಅಂಕಲ್, ನೀರು ಕುಡಿದರೆ ಏನಾಗುತ್ತದೆ ಎಂದು ನಾನು ಕೇಳಿದ್ದೆ.

"ನಾವು ದಾಕ್ಷಿಣ್ಯದ ಮಂದಿ ಅಲ್ಲೇನವಾ. ಒಮ್ಮೆ ಉಂಡ್ನಿ ಅಂದ್ರ ನನ್ನ ಬಾಯಿ ನನ್ನ ಮಾತ್ ಕೇಳಂಗಿಲ್ಲ" ಎಂದಿದ್ದರು.

ಆ ಕಟ್ಟುನಿಟ್ಟನ್ನು ಕಣ್ಣಾರೆ ಕಂಡದ್ದೂ ಇದೆ. ಕೋವಿಡ್‌ಗೆ ಸ್ವಲ್ಪ ಮುಂಚೆ, ಒಂದು ಶನಿವಾರ ಬೆಳಿಗ್ಗೆ ಅವರ ಕುಕ್ಕರ್ ವಾಪಸು ಕೊಡಲು ಹೋಗಿದ್ದೆ. ದಕ್ಷಿಣ ಕ್ಯಾರೊಲಿನಾದ ಒಂದು ಸಣ್ಣ ಊರಿನಿಂದ ಒಬ್ಬ ಹುಡುಗ ಅಜ್ಜಿಯ ಜೊತೆ ಮೂರು ಗಂಟೆ ಕಾರಿನಲ್ಲಿ ಬಂದಿದ್ದ. ಅಜ್ಜಿಗೆ ವರದಿಯ ಮೇಲೆ ನಂಬಿಕೆ ಇಲ್ಲ, ತನ್ನ ಮುಖ ನೋಡಿ ಹೇಳಲಿ ಎಂದು ಬಂದಿದ್ದಳು. ಅಂಕಲ್ ಟಿವಿ ಹಾಕಿ ಐದಾರು ಓಟ ತೋರಿಸಿದರು. ಆಮೇಲೆ ಇಂಗ್ಲಿಷಿನಲ್ಲಿ, ಒಂದೂ ಮಾತು ನುಂಗದೆ ಹೇಳಿದರು. ನಿಮ್ಮ ಮೊಮ್ಮಗ ನೇರವಾಗಿ ಚೆನ್ನಾಗಿ ಓಡುತ್ತಾನೆ, ತಿರುಗಬೇಕಾದಾಗ ನಿಂತು ತಿರುಗುತ್ತಾನೆ. ಕಾಲೇಜಿನಲ್ಲಿ ಅಷ್ಟು ಹೊತ್ತು ಯಾರೂ ಕೊಡುವುದಿಲ್ಲ. ರನ್ನಿಂಗ್ ಬ್ಯಾಕ್ ಆಗಿ ಇವನಿಗೆ ಮುಂದೆ ದಾರಿ ಇಲ್ಲ. ಆದರೆ ಎದುರಿನವನು ಎತ್ತ ಓಡುತ್ತಾನೆ ಎಂದು ಮೊದಲೇ ತಿಳಿಯುವ ಕಣ್ಣು ಇದೆ, ಈಗಲೇ ಓಡುವವರನ್ನು ತಡೆಯುವ ಡಿಫೆನ್ಸಿಗೆ ಹಾಕಿಸಿ.

ಹುಡುಗ ಎದ್ದು ಹೊರಗೆ ಹೋಗಿ ಕಾರಿನಲ್ಲಿ ಕೂತ. ಅಜ್ಜಿಯ ಕಣ್ಣು ತುಂಬಿತ್ತು. ಬರುವಾಗ ತಾನೇ ಮಾಡಿದ ಒಂದು ಕೇಕ್ ತಂದಿದ್ದಳು, ಅದು ಅವಳ ತೊಡೆಯ ಮೇಲೇ ಇತ್ತು. ಅದನ್ನೂ ವಾಪಸು ತೆಗೆದುಕೊಂಡು ಹೋಗಿ ಎಂದರು ಅಂಕಲ್. ಅಜ್ಜಿ ಮೊಮ್ಮಗ ಹೊರಟ ಮೇಲೆ ನನಗೆ ತಡೆಯಲಾಗಲಿಲ್ಲ.

"ಅಷ್ಟು ದೂರದಿಂದ ಬಂದಿದ್ರು ಅಂಕಲ್. ಸ್ವಲ್ಪ ಮೆತ್ತಗೆ ಹೇಳಬಹುದಿತ್ತು."

"ಮೆತ್ತಗ ಹೇಳಿದ್ರ ಆ ಹುಡುಗ ಎರಡ್ ವರ್ಷ ಕಳಕೋತಾನ. ಹೈಸ್ಕೂಲ್ ಮುಗಿಯಾಕ ಅವಂಗ ಇರೋದ ಎರಡ್ ವರ್ಷ."

ಆ ಹುಡುಗ ಡಿಫೆನ್ಸಿಗೆ ಹೋದ. ಮುಂದೆ ಒಳ್ಳೆಯ ಕಾಲೇಜೊಂದಕ್ಕೆ ಆಡಿದ. ಅಜ್ಜಿ ಪೋಸ್ಟಿನಲ್ಲಿ ಮತ್ತೆ ಕೇಕ್ ಕಳಿಸಿದಳು. ಈಗ ತಿನ್ನಬಹುದು ಎಂದು ಅಂಕಲ್ ಅದನ್ನು ನಮ್ಮ ಮನೆಗೆ ತಂದು ಎಲ್ಲರಿಗೂ ಹಂಚಿದರು. ನಿಖಿಲ್ ಎರಡು ತುಂಡು ತಿಂದ. ಆ ಅಜ್ಜಿಯ ಕಥೆ ಅವನಿಗೆ ಬಾಯಿಪಾಠ. ಸ್ಕೂಲಿನ ಗೆಳೆಯರಿಗೆ, "ನಮ್ ಅಂಕಲ್ ನೆವರ್ ಲೈಸ್" ಎಂದು ಹೇಳಿಕೊಂಡು ತಿರುಗುತ್ತಿದ್ದ.

ಕೋವಿಡ್ ವರ್ಷದಲ್ಲಿ ನಮ್ಮ ರಾಜ್ಯದಲ್ಲಿ ಹೈಸ್ಕೂಲ್ ಫುಟ್‌ಬಾಲ್ ಮುಂದಕ್ಕೆ ಹೋಗಿ, ಬೇಸಿಗೆ ಹತ್ತಿರವಾದಾಗ ನಡೆಯಿತು. ನಿಖಿಲ್ ಹತ್ತನೇ ಕ್ಲಾಸಿನಲ್ಲಿದ್ದ. ಮುಂದಿನ ಸೀಸನ್ನಿಗೆ ಅವನೇ ಸ್ಕೂಲಿನ ಮುಖ್ಯ ರನ್ನಿಂಗ್ ಬ್ಯಾಕ್. ಬೆಂಚುಗಳ ಮೇಲೆ ಕೂತ ಅಮೆರಿಕನ್ ತಾಯಂದಿರು ನನ್ನ ಬೆನ್ನು ತಟ್ಟಿ ಅವನ ಹೆಸರು ಕೂಗುತ್ತಿದ್ದರು. ಸಂಘದಲ್ಲಿ ಮಾತ್ರ ಜನ, "ಪೆಟ್ಟು ಬಿದ್ರೆ ಏನ್ರೀ ಗತಿ, ಮ್ಯಾಥ್ ಸ್ಪರ್ಧೆಗೋ ಡಿಬೇಟಿಗೋ ಸೇರಿಸಬಾರದಾ" ಎನ್ನುತ್ತಿದ್ದರು. ಅವರ ಬಾಯಿ ಮುಚ್ಚಿಸಬೇಕು ಎಂಬ ಹಠ ನನ್ನೊಳಗೆ ಬೆಳೆಯುತ್ತಿತ್ತು. ದೊಡ್ಡ ಯೂನಿವರ್ಸಿಟಿಯ ಜರ್ಸಿ ಹಾಕಿದ ಮಗನನ್ನು ದೀಪಾವಳಿಗೆ ಕರೆತರಬೇಕು ಎಂಬ ಆಸೆಯೂ ಇತ್ತು. ಸುಳ್ಳು ಯಾಕೆ ಹೇಳಲಿ.

ಕೊನೆಯ ವರ್ಷದ ಸೀಸನ್ ನಡೆಯುತ್ತಿದ್ದಾಗ ಅವನಿಗೆ ಒಂದು ಆಫರ್ ಬಂತು. ಪಶ್ಚಿಮದ ಗುಡ್ಡಗಳ ಕಡೆಯ ಒಂದು ಸಣ್ಣ ಕಾಲೇಜು. ತಂಡದಲ್ಲಿ ಜಾಗ, ಫೀಸಿನಲ್ಲಿ ಒಂದಷ್ಟು ವಿನಾಯಿತಿ. ನಾವು ಮೂವರೂ ಹೋಗಿ ನೋಡಿಕೊಂಡು ಬಂದೆವು. ಮೈದಾನದ ಹಿಂದೆಯೇ ಬೆಟ್ಟ. ಅಲ್ಲಿನ ಕೋಚ್ ನಿಖಿಲ್ ಜೊತೆ ಒಂದು ಗಂಟೆ ಓಡಾಡಿದ, ನಿನ್ನನ್ನು ಮೊದಲನೇ ವರ್ಷದಿಂದಲೇ ಆಡಿಸುತ್ತೇನೆ ಎಂದ. ವಾಪಸು ಬರುವಾಗ ನಿಖಿಲ್ ಹಿಂದಿನ ಸೀಟಿನಿಂದ, "ಅಮ್ಮ, ಐ ಲೈಕ್ ಇಟ್ ದೇರ್. ನಾನು ಯೆಸ್ ಹೇಳ್ಲಾ?" ಎಂದು ಕೇಳಿದ. ಎರಡು ವಾರದಲ್ಲಿ ಉತ್ತರ ಕೊಡಬೇಕಿತ್ತು.

ಅಂಕಲ್‌ನ ಒಂದು ಮಾತು ಕೇಳೋಣ ಎಂದೆ ನಾನು.

ಆ ಭಾನುವಾರ ಹುಳಿ, ಬೀನ್ಸ್ ಪಲ್ಯ, ಅವರಿಗೆ ಇಷ್ಟ ಎಂದು ಹೋಳಿಗೆ ಮಾಡಿದ್ದೆ. ಬೇರೆ ಹುಡುಗರ ಮನೆಯ ನೀರನ್ನೂ ಮುಟ್ಟದವರನ್ನು ತಟ್ಟೆಯ ಮುಂದೆ ಕೂರಿಸಿಕೊಂಡು ನಾನು ನನ್ನ ಮಗನ ಬಗ್ಗೆ ಕೇಳಿದೆ. ಆಗ ಅದು ಹೊಳೆಯಲೇ ಇಲ್ಲ. ನಮ್ಮ ಮನೆಯನ್ನು ನಾನು ಹುಡುಗನ ಮನೆ ಎಂದುಕೊಂಡೇ ಇರಲಿಲ್ಲ, ಅಂಕಲ್ ಊಟಕ್ಕೆ ಬರುವ ಮನೆ ಎಂದುಕೊಂಡಿದ್ದೆ.

"ಸಣ್ಣ ಕಾಲೇಜು ಅಂಕಲ್. ಇದಕ್ಕೇ ಹೂಂ ಅನ್ನೋದಾ? ದೊಡ್ಡ ಕಡೆಯಿಂದ ಬರಬಹುದು ಅಂತ ನನಗೆ ಅನ್ನಿಸ್ತಿದೆ. ನೀವು ಹೇಳಿ, ನಮ್ಮ ನಿಖಿಲ್ ಹೇಗೆ?"

ಅವರು ಹೋಳಿಗೆ ಮುರಿದರು, ತುಪ್ಪದಲ್ಲಿ ಅದ್ದಿದರು. ನಿಖಿಲ್ ಎದುರು ಕುರ್ಚಿಯಲ್ಲಿ ಅವರ ಬಾಯನ್ನೇ ನೋಡುತ್ತಿದ್ದ.

"ಹುಡುಗ ಛಲೋ ಅದಾನ" ಎಂದರು. "ಅವಸರ ಏನೈತಿ? ಕಾಯ್ರಿ. ಇನ್ನೂ ದೊಡ್ಡವು ಬರ್ತಾವ."

ನಿಖಿಲ್ ಮುಖ ಆಗ ಹೇಗಿತ್ತು ಎಂದು ನಾನು ಬರೆಯಲಾರೆ. "ಓಕೆ, ಅಂಕಲ್ ಹೇಳಿದ್ರೆ ನಾನು ವೇಟ್ ಮಾಡ್ತೀನಿ" ಎಂದ. ಆ ಸಣ್ಣ ಕಾಲೇಜಿನ ಕೋಚಿಗೆ ಅವನೇ ಫೋನ್ ಮಾಡಿ ಥ್ಯಾಂಕ್ಸ್ ಹೇಳಿದ. ಅವರು ಮುಂದಿನ ವಾರವೇ ಆ ಜಾಗ ಇನ್ನೊಬ್ಬನಿಗೆ ಕೊಟ್ಟರು.

ಕಾದೆವು. ಅವು ಹೈಸ್ಕೂಲ್ ಹುಡುಗರಿಗೆ ಕೆಟ್ಟ ವರ್ಷಗಳು. ಕೋವಿಡ್ ಕಾರಣ ಕಾಲೇಜಿನಲ್ಲಿ ಆಡಲು ಒಂದು ವರ್ಷ ಹೆಚ್ಚುವರಿ ಸಿಕ್ಕ ದೊಡ್ಡ ಹುಡುಗರು ಜಾಗ ಬಿಡುತ್ತಿರಲಿಲ್ಲ. ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಜಿಗಿಯುವುದೂ ಆಟಗಾರರಿಗೆ ಸುಲಭವಾಗಿತ್ತು. ಬೆಳೆದು ನಿಂತವನು ಸಿಗುವಾಗ ಹದಿನೆಂಟರ ಹುಡುಗ ಯಾರಿಗೆ ಬೇಕು? ಮೊದಲು ನಿಖಿಲ್‌ಗೆ ಮೆಸೇಜ್ ಮಾಡುತ್ತಿದ್ದ ಕೋಚ್‌ಗಳು ಒಬ್ಬೊಬ್ಬರಾಗಿ ಮಾಡುವುದು ಬಿಟ್ಟರು. ಅವನು ಊಟ ಮಾಡುವಾಗಲೂ ಫೋನನ್ನು ತಟ್ಟೆಯ ಪಕ್ಕ ಬೋರಲು ಇಟ್ಟುಕೊಳ್ಳುತ್ತಿದ್ದ. ಅಂಕಲ್ ಆ ಭಾನುವಾರಗಳಲ್ಲೂ ಬಂದರು, ಉಂಡರು, "ಬರ್ತಾವ, ಬರ್ತಾವ" ಎಂದರು.

ಫೆಬ್ರವರಿಯಲ್ಲಿ ಸ್ಕೂಲಿನ ಜಿಮ್ಮಿನಲ್ಲಿ ಸಹಿ ಹಾಕುವ ಸಮಾರಂಭ. ಕಾಲೇಜು ಸಿಕ್ಕ ಹುಡುಗರು ಉದ್ದ ಮೇಜಿನ ಹಿಂದೆ ಕೂತು, ಕಾಗದಕ್ಕೆ ಸಹಿ ಹಾಕಿ, ಆ ಕಾಲೇಜಿನ ಟೋಪಿ ಇಟ್ಟುಕೊಳ್ಳುತ್ತಾರೆ. ಹಿಂದೆ ಅಪ್ಪ ಅಮ್ಮ ನಿಂತು ಫೋಟೋ. ನಿಖಿಲ್ ತನ್ನ ತಂಡದ ನಾಲ್ವರಿಗೆ ಕೆಳಗೆ ಕೂತು ಚಪ್ಪಾಳೆ ತಟ್ಟಿದ. ಬರದೇ ಇರಬಹುದಿತ್ತು, ಆದರೂ ಬಂದ. ಅವನು ಚಪ್ಪಾಳೆ ನಿಲ್ಲಿಸಿದ್ದು ಎಲ್ಲರಿಗಿಂತ ಕೊನೆಗೆ. ನಾನು ಅಂದು ಕೆಲಸಕ್ಕೆ ರಜೆ ಹಾಕಿ ಹೋಗಿದ್ದೆ, ಯಾಕೆ ಹೋದೆನೋ.

ಸಮಾರಂಭ ಮುಗಿದ ಮೇಲೆ ಜಿಮ್ಮಿನ ಹೊರಗೆ ನಿಖಿಲ್‌ನ ಸ್ಕೂಲ್ ಕೋಚ್ ನನ್ನನ್ನು ನಿಲ್ಲಿಸಿದ. ಒಳ್ಳೆಯ ಮನುಷ್ಯ. ಆ ಗುಡ್ಡದ ಕಾಲೇಜನ್ನು ನೀವು ಯಾಕೆ ಬಿಟ್ಟಿರೋ ನನಗೆ ಅರ್ಥವಾಗಲೇ ಇಲ್ಲ ಎಂದ. ದೊಡ್ಡ ಕಾಲೇಜಿನವರು ವಿಚಾರಿಸಿದಾಗಲೆಲ್ಲ ನಿಮ್ಮ ಆ ಹಿರಿಯ ಸ್ನೇಹಿತರು ಇವನು ಸಣ್ಣ ಕಾಲೇಜಿಗೆ ತಕ್ಕವನು ಎಂದೇ ಹೇಳಿದ್ದಾರಂತೆ, ನಿಮಗೂ ಅದನ್ನೇ ಹೇಳಿರುತ್ತಾರೆ ಎಂದುಕೊಂಡಿದ್ದೆ ಎಂದ. ನಾನು ಹೂಂ ಎಂದು ಕಾರಿನ ಕಡೆ ನಡೆದೆ. ಬೀಗದ ಕೈ ಎಲ್ಲಿದೆ ಎಂದು ಬಹಳ ಹೊತ್ತು ಚೀಲದಲ್ಲಿ ಹುಡುಕಿದೆ, ಅದು ಕೈಯಲ್ಲೇ ಇತ್ತು.

ಮುಂದಿನ ಶನಿವಾರ ಬೆಳಿಗ್ಗೆ ಅವರ ಗ್ಯಾರೇಜಿಗೆ ಹೋದೆ. ಯಾವುದೋ ಹುಡುಗನ ಓಟವನ್ನು ಅರ್ಧಕ್ಕೆ ನಿಲ್ಲಿಸಿಕೊಂಡು ಕೂತಿದ್ದರು.

"ಬಾರವಾ. ಚಾ ಮಾಡ್ಲೇನು?"

"ಬೇಡ ಅಂಕಲ್. ನಿಖಿಲ್ ಬಗ್ಗೆ ಕಾಲೇಜಿನವರು ನಿಮಗೆ ಫೋನ್ ಮಾಡಿದ್ರಾ?"

ಅವರು ಟಿವಿ ಆರಿಸಿದರು. "ಮಾಡಿದ್ರು. ಮೂರ್ ಮಂದಿ."

"ಏನ್ ಹೇಳಿದ್ರಿ?"

"ಖರೇ ಹೇಳಿದೆ."

"ಖರೇ ಅಂದ್ರೆ?"

ಲೋಟದಿಂದ ಒಂದು ಪೆನ್ಸಿಲ್ ತೆಗೆದು ಮತ್ತೆ ಅದರಲ್ಲೇ ಇಟ್ಟರು. ಆಮೇಲೆ ವರದಿ ಓದುವ ದನಿಯಲ್ಲೇ ಹೇಳಿದರು. "ಕಣ್ಣು ಛಲೋ ಅದಾವ, ಕೈ ಛಲೋ ಅದಾವ, ಚೆಂಡ್ ಬಿಡಂಗಿಲ್ಲ. ಟೊಂಕ ಬಿಗಿ. ಸಣ್ಣ ಕಾಲೇಜಿಗೆ ಭಾಳ ಛಲೋ ಹುಡುಗ, ನಾಕೂ ವರ್ಷ ಆಡ್ತಾನ. ನಿಮ್ಮಂಥಾ ದೊಡ್ಡದಕ್ಕ ಆಗಂಗಿಲ್ಲ ಅಂತ ಹೇಳಿದೆ."

"ನಿಮಗೆ ಇದು ಯಾವಾಗ ಗೊತ್ತಾಯ್ತು?"

"ಮೊದಲನೇ ಮ್ಯಾಚ್ ನೋಡಿದಾಗ್ಲೇ ಗೊತ್ತಾಗಿತ್ತು."

ಅಂದರೆ ಯಾವ ದೊಡ್ಡ ಕಾಲೇಜುಗಳಿಗೆ ಕಾಯಿರಿ ಎಂದು ನಮ್ಮ ಮೇಜಿನ ಮುಂದೆ ಹೇಳಿದರೋ, ಆ ಕಾಲೇಜುಗಳಿಗೆ ಇವನು ಬೇಡ ಎಂದವರೂ ಅವರೇ. ಅಲ್ಲಿಯವರಿಗೆ ನಿಜ, ನಮಗೆ ಹೋಳಿಗೆಯ ಮೇಲಿನ ಮಾತು.

"ಹಾಗಾದ್ರೆ ಆ ಸಣ್ಣ ಕಾಲೇಜೇ ಸರಿ ಅಂತ ನಮಗೆ ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲ ಅಂಕಲ್. ಅವನಿಗೆ ಅದೇ ಬೇಕಾಗಿತ್ತು."

"ನೀ ಎಷ್ಟ್ ಆಸೆಲೆ ಕೇಳಿದಿ. ನಿಮ್ಮ ಮನಿಯಾಗ ಕುಂತು ಉಣ್ಣಾಕತ್ತಿದ್ದೆ. ನಿನ್ನ ಮಗನ ಮಟ್ಟ ಇಷ್ಟ ಅಂತ ಹೆಂಗ್ ಹೇಳಲಿ? ನಾಲಿಗಿ ಏಳಲಿಲ್ಲವಾ."

ಇಲ್ಲಿಗೆ ನಿಲ್ಲಿಸಿದ್ದರೆ ಒಂದಲ್ಲ ಒಂದು ದಿನ ನಾನು ಕ್ಷಮಿಸಿಬಿಡುತ್ತಿದ್ದೆನೋ ಏನೋ. ಆದರೆ ಅವರು ಮುಂದುವರಿಸಿದರು, ನನ್ನನ್ನು ಸಮಾಧಾನ ಮಾಡಲೆಂದೇ. "ಮತ್ತ ನಮ್ಮ ಹುಡುಗ್ರು ಹೆಂಗೂ ಓದ್ತಾರ. ನಾಳೆ ಇಂಜಿನಿಯರ್ ಆಗ್ತಾನ. ಇದೇನ್ ನಾಕ್ ದಿನದ್ ಆಟ. ಆ ಅಜ್ಜಿ ಮೊಮ್ಮಗಗ ಇದ್ದಂಗ ಇವಂಗ ಇದ ಗತಿ ಏನಲ್ಲಲ್ಲ ಅಂತ ತಿಳ್ಕೊಂಡೆ."

ಜೀವಮಾನವಿಡೀ ಕಂಡವರ ಮಕ್ಕಳ ಓಟವನ್ನು ಪೆನ್ಸಿಲ್ ಹಿಡಿದು ಅಷ್ಟು ಶ್ರದ್ಧೆಯಿಂದ ನೋಡಿದ ಮನುಷ್ಯ, ತಾನೇ ಚೆಂಡು ಹಿಡಿಯಲು ಕಲಿಸಿದ ಹುಡುಗನ ಓಟವನ್ನು ಟೈಂಪಾಸ್ ಎಂದುಕೊಂಡಿದ್ದರು. ಸಂಘದವರು ಅಂದದ್ದಕ್ಕೂ ಇವರು ಅಂದದ್ದಕ್ಕೂ ಏನು ವ್ಯತ್ಯಾಸ?

"ಆ ಹುಡುಗನಿಗೆ ಎರಡು ವರ್ಷ ಇತ್ತು ಅಂದ್ರಿ. ನನ್ನ ಮಗನಿಗೆ ನಾಲ್ಕು ಇತ್ತು" ಎಂದೆ.

ನಾನು ಹೊರಟಾಗ ಬಾಗಿಲವರೆಗೆ ಬಂದು, "ಹುಡುಗಗ ಹೇಳ್ತೀಯೇನು?" ಎಂದು ಕೇಳಿದರು. ನೀವೇ ಹೇಳಿ, ನಿಮ್ಮ ಬಾಯಿಂದಲೇ ಕೇಳಲಿ ಎಂದೆ. ಹೇಳ್ತೀನಿ ಎಂದರು. ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿಯಲ್ಲಿ ಮುಂದೆ ಎರಡು ವರ್ಷ ಬದುಕಿದ್ದರು. ಹೇಳಲಿಲ್ಲ.

ಭಾನುವಾರದ ಊಟ ಅಲ್ಲಿಗೆ ನಿಂತಿತು. ಮಂಡಿ ನೋವು, ದೂರ ಬರಲಾಗುವುದಿಲ್ಲವಂತೆ ಎಂದು ನಿಖಿಲ್‌ಗೆ ನಾನೇ ಕಾರಣ ಹೇಳಿದೆ. ಒಂದೆರಡು ಸಲ ನಮ್ಮ ಬಾಗಿಲ ಮುಂದೆ ಜೋಳದ ಹಿಟ್ಟಿನ ಚೀಲ ಬಂದು ಕೂತಿತ್ತು. ಪಕ್ಕದ ಮನೆಯವರಿಗೆ ಕೊಟ್ಟೆ. ಆ ವರ್ಷದಿಂದ ಅವರು ವರದಿ ಬರೆಯುವುದನ್ನು ನಿಲ್ಲಿಸಿದರು ಎಂದು ಆಮೇಲೆ ಯಾರೋ ಹೇಳಿದರು. ಪಶ್ಚಾತ್ತಾಪ ಇರಬಹುದು. ನಾನು ಹೇಳಿದ ಮಂಡಿ ನೋವು ನಿಜವಾಗಿಯೂ ಬಂದಿರಬಹುದು. ವಿಚಾರಿಸಲಿಲ್ಲ.

ನಿಖಿಲ್ ನಮ್ಮ ರಾಜ್ಯದ್ದೇ ಒಂದು ದೊಡ್ಡ ಯೂನಿವರ್ಸಿಟಿಯಲ್ಲಿ ಕಂಪ್ಯೂಟರ್ ಸೈನ್ಸ್ ಸೇರಿದ. ಒಳ್ಳೆಯ ಸೀಟು. ಸಂಘದವರೆಲ್ಲ ಅಭಿನಂದಿಸಿದರು, ಕೊನೆಗೂ ದಾರಿಗೆ ಬಂದ ಎಂಬ ಹಾಗೆ. ಸುಧೀರನಿಗೆ ಎಲ್ಲ ಹೇಳಿದ್ದೆ. ಬಿಡು, ಓದು ಇದೆಯಲ್ಲ ಎಂದ. ಅವನ ಮೇಲೂ ಸಿಟ್ಟು ಬಂತು. ಯೂನಿವರ್ಸಿಟಿಯ ತಂಡದ ಆಯ್ಕೆಗೆ ಹೋಗಿ ನೋಡುತ್ತೇನೆ ಎಂದು ನಿಖಿಲ್ ಒಂದು ಸಲ ಹೋದ. ಎರಡನೇ ದಿನ ಪಟ್ಟಿಯಲ್ಲಿ ಹೆಸರಿರಲಿಲ್ಲ. ಶೂಗಳನ್ನು ಮನೆಗೆ ತಂದು ಕಪಾಟಿನಲ್ಲಿಟ್ಟ. ಟಿವಿಯಲ್ಲಿ ಆಟ ಬಂದರೆ ಈಗ ಎದ್ದು ತನ್ನ ರೂಮಿಗೆ ಹೋಗುತ್ತಾನೆ.

ಅಂಕಲ್ ಹೋದ ಸುದ್ದಿ ಹೇಳಿದಾಗ ಅವನು ಕ್ಲಾಸು ಬಿಟ್ಟು ಎರಡು ಗಂಟೆ ಡ್ರೈವ್ ಮಾಡಿಕೊಂಡು ಬಂದ. ಫ್ಯೂನರಲ್ ಹೋಮಿನಲ್ಲಿ ಮೊದಲನೇ ಸಾಲಿನಲ್ಲಿ ನಿಂತ. ಎಲ್ಲರೂ ಹೂ ಹಾಕಿ ಸರಿದ ಮೇಲೂ ಪೆಟ್ಟಿಗೆಯ ಅಂಚು ಹಿಡಿದು ನಿಂತೇ ಇದ್ದ. ನಾನು ಹೂ ಹಾಕಲಿಲ್ಲ. ಯಾರೂ ಗಮನಿಸಲಿಲ್ಲ.

ಹೊರಗೆ ಪಾರ್ಕಿಂಗ್ ಲಾಟಿನಲ್ಲಿ ಮಧ್ಯಾಹ್ನದ ಬಿಸಿಲು. ಸುಧೀರ ಯಾರ ಜೊತೆಗೋ ಮಾತಾಡುತ್ತಿದ್ದ. ನಿಖಿಲ್ ನನ್ನ ಪಕ್ಕ ಕಾರಿಗೆ ಒರಗಿ ನಿಂತು, ಕಣ್ಣು ಒರೆಸಿಕೊಂಡು ಹೇಳಿದ.

"ಅಮ್ಮ, ಸಮ್‌ಟೈಮ್ಸ್ ನಾನು ಥಿಂಕ್ ಮಾಡ್ತೀನಿ, ಮೇಬಿ ನಾನು ಗುಡ್ ಇರ್ಲೇ ಇಲ್ಲ, ಸುಮ್ನೆ ಅಷ್ಟು ವರ್ಷ ವೇಸ್ಟ್ ಮಾಡಿದೆ ಅಂತ. ಆಮೇಲೆ ಅಂಕಲ್ ಅವತ್ತು ಹೇಳಿದ್ದು ರಿಮೆಂಬರ್ ಮಾಡ್ಕೋತೀನಿ. ಅವರು ಯಾರಿಗೂ ಲೈ ಮಾಡಲ್ಲ ಅಲ್ವಾ? ಸೋ ನಾನು ಗುಡ್ ಇದ್ದೆ. ಲಕ್ ಇರ್ಲಿಲ್ಲ, ಅಷ್ಟೇ. ಅಲ್ವಾ ಅಮ್ಮ?"

ಅವರು ಮೂವರು ಅಪರಿಚಿತರಿಗೆ ಹೇಳಿದ್ದೆಲ್ಲ ನನ್ನ ನಾಲಿಗೆಯ ತುದಿಯಲ್ಲಿತ್ತು. ನೀನು ಒಳ್ಳೆಯ ಆಟಗಾರನೇ, ಆ ಬೆಟ್ಟದ ಕಾಲೇಜಿನಲ್ಲಿ ನಾಲ್ಕೂ ವರ್ಷ ಆಡುತ್ತಿದ್ದೆ, ನಿನಗೆ ಬೇಕಾದದ್ದೇ ನಿನಗೆ ಸರಿಯಾದದ್ದಾಗಿತ್ತು, ಅದನ್ನು ಬಿಡಿಸಿದವರು ನಾವು ಎನ್ನಬೇಕಿತ್ತು. ಮಗನ ಮುಖ ನೋಡಿದೆ.

"ಹೌದು ಕಣೋ" ಎಂದೆ.

ನಿಖಿಲ್‌ಗೆ ಕನ್ನಡ ಅರ್ಥವಾಗುತ್ತದೆ, ತಕ್ಕಮಟ್ಟಿಗೆ ಮಾತಾಡುತ್ತಾನೆ. ಓದಲು ಬರುವುದಿಲ್ಲ. ಅಕ್ಷರ ಕಲಿಸುವ ಶನಿವಾರದ ಕ್ಲಾಸೂ ಫುಟ್‌ಬಾಲ್ ಅಭ್ಯಾಸವೂ ಒಂದೇ ಹೊತ್ತಿಗೆ ಇರುತ್ತಿದ್ದವು, ಅವನು ಆಟಕ್ಕೆ ಹೋಗುತ್ತಿದ್ದ. ಅವನಿಗೆ ಹೇಳಬೇಕಾದದ್ದನ್ನು ನಾನು ಇಲ್ಲಿ ಬರೆದಿರುವುದು ಅವನು ಇದನ್ನು ಓದಲಾರ ಎಂಬ ಧೈರ್ಯದ ಮೇಲೆಯೇ.